ಸಾಮಾನು ಕಡಿಮೆಯಾದರೆ ಮನೆ ಭಣಗುಡಬೇಕೇ?

ಸಾಮಾನು ಕಡಿಮೆ ಇದ್ದರೆ ಮನೆ ಭಣಗುಡುತ್ತದೆ ಎನ್ನುವವರು ಹಳೆಯ ತೊಟ್ಟಿ ಮನೆಯನ್ನೊಮ್ಮೆ ನೋಡಬೇಕು. ಅಲ್ಲಿ ಸೋಫಾ, ಶೋಕೇಸ್‌ಗಳ ಗೊಡವೆಯೇ ಇರಲಿಲ್ಲ. ಚಾಪೆ ಹಾಸಿದರೆ ಕೂರುವ ಜಾಗ, ಸುತ್ತಿಟ್ಟರೆ ಖಾಲಿ ಜಗಲಿ. ಆದರೂ ಬಿಕೋ ಎನ್ನುತ್ತಿರಲಿಲ್ಲ. ಓಡಾಡಿದಷ್ಟೂ ಹೊಳಪೇರುವ ರೆಡ್ ಆಕ್ಸೈಡ್ ನೆಲ, ಕೈ ತಾಗಿ ತಾಗಿ ನುಣುಪಾದ ಮರದ ಕಂಬ, ತೊಟ್ಟಿಯಿಂದಿಳಿದು ಹೊತ್ತೇರಿದಂತೆ ಜಾಗ ಬದಲಿಸುವ ಬಿಸಿಲು ಇವೇ ಮನೆಯನ್ನು ತುಂಬುತ್ತಿದ್ದವು. ಇಂದಿನ ಫ್ಲ್ಯಾಟು ಬಿಕೋ ಎನಿಸಲು ಬಿಳಿ ಗೋಡೆ, ಬಿಳಿ ವಿಟ್ರಿಫೈಡ್ ಟೈಲ್ಸ್, ಅದರ ಮೇಲೆ ಸುರಿಯುವ 6500 ಕೆಲ್ವಿನ್‌ನ ನೀಲಿ ಛಾಯೆಯ ಎಲ್‌ಇಡಿ ಕಾರಣ. ಗಟ್ಟಿ ಮೈಯ ನೆಲ, ಗೋಡೆಗಳು ಸದ್ದನ್ನು ಹೀರದೆ ಮಾತನ್ನೂ ಪ್ರತಿಧ್ವನಿಸುತ್ತವೆ.

ಬಾಡಿಗೆ ಮನೆಯಲ್ಲಿ ಟೈಲ್ಸ್ ಬದಲಿಸಲು ನೆಲ ಅಗೆಯಲಾದೀತೇ ಎಂಬ ಆಕ್ಷೇಪ ನ್ಯಾಯವೇ. ಅಗೆಯಬೇಕಿಲ್ಲ. ಹಾಲ್‌ನ ಬಲ್ಬನ್ನು ಹಳದಿ ಛಾಯೆಯ, 2700ರಿಂದ 3000 ಕೆಲ್ವಿನ್‌ನದಕ್ಕೆ ಬದಲಿಸಿ, ಮೂಲೆಯಲ್ಲೊಂದು ತಗ್ಗಿನ ದೀಪವಿಡಿ. ದಪ್ಪ ಹತ್ತಿಯ ಪರದೆ, ನವಲಗುಂದದ ಒಂದು ಜಮಖಾನ (ಒಂದೇ ಸಾಕು) ಇದ್ದರೆ ಸದ್ದೂ ತಗ್ಗುತ್ತದೆ, ಕಣ್ಣಿಗೂ ಬಣ್ಣ ಸಿಗುತ್ತದೆ. ಓದಲು, ತರಕಾರಿ ಹೆಚ್ಚಲು ಬಿಳಿ ಬೆಳಕೇ ಅನುಕೂಲ ಎನ್ನುವವರು ಅದನ್ನು ಮೇಜಿಗೆ, ಅಡುಗೆಕಟ್ಟೆಗೆ ಮೀಸಲಿಡಲಿ. ಅಲಂಕಾರದ ಅಂಗಡಿಗೆ ಹೊರಡುವ ಮುನ್ನ ಬಲ್ಬಿನ ಡಬ್ಬದ ಮೇಲಿನ ಕೆಲ್ವಿನ್ ಸಂಖ್ಯೆ ಓದಿ.