ಸ್ಟೇಷನ್ ಕೆಪಿಟಿಸಿಎಲ್‌ನದು, ಫೀಡರ್ ಬೆಸ್ಕಾಂನದು

ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಜನರಿಗೆ ಆ ಪ್ರಕಟಣೆ ಬಾಯಿಪಾಠ. 66/11 ಕೆ.ವಿ. ಸ್ಟೇಷನ್‌ನಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ, ಬೆಳಿಗ್ಗೆಯಿಂದ ಸಂಜೆವರೆಗೆ ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು. ಕೆಳಗೆ ಬೀದಿಗಳ ಉದ್ದನೆಯ ಪಟ್ಟಿ. ಹೇಳಿದ ಹೊತ್ತಿಗೆ ಕರೆಂಟ್ ಬಾರದಿದ್ದರೆ 1912ಕ್ಕೆ ಕರೆ ಹೋಗುತ್ತದೆ, ಬೈಗುಳವೆಲ್ಲ ವಿತರಣಾ ಕಂಪನಿ ಬೆಸ್ಕಾಂಗೆ. ಕೆಲಸ ನಡೆಯುತ್ತಿರುವ ಸ್ಟೇಷನ್ ಮಾತ್ರ ಬೆಸ್ಕಾಂನದಲ್ಲ, ಕೆಪಿಟಿಸಿಎಲ್‌ನದು.

ಹಳಬರ ಬಾಯಲ್ಲಿ ಇಂದಿಗೂ ಎರಡೂ ಒಂದೇ, ಕೆಇಬಿ, ಅಂದರೆ ವಿದ್ಯುತ್ ಮಂಡಳಿ. 1999ರಲ್ಲಿ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ವಿತರಣೆಯೂ ಬೇರೆಯಾಗಿ, ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳು ಬೆಸ್ಕಾಂ ಪಾಲಾದವು. ಕನಕಪುರ ರಸ್ತೆಯ ಸೋಮನಹಳ್ಳಿಗೆ 400 ಕೆ.ವಿ.ಯಲ್ಲಿ ಬರುವ ವಿದ್ಯುತ್ ಅಲ್ಲಿ 220ಕ್ಕೆ ಇಳಿಯುತ್ತದೆ. ಸುಬ್ರಹ್ಮಣ್ಯಪುರದಂಥ ಸ್ಟೇಷನ್‌ಗಳಲ್ಲಿ 66ಕ್ಕೆ, ಬನಶಂಕರಿ, ಜಯದೇವದಂಥ ಬಡಾವಣೆಯ ಸ್ಟೇಷನ್‌ಗಳಲ್ಲಿ 11ಕ್ಕೆ. ಅಲ್ಲಿಗೆ ಪ್ರಸರಣದ ಕೆಲಸ ಮುಗಿಯಿತು. 11 ಕೆ.ವಿ. ಬ್ರೇಕರ್ (ಲೈನ್ ಕಡಿಯುವ ಸ್ವಿಚ್) ದಾಟಿ ಹೊರಟ ಫೀಡರ್ ಲೈನ್, ಬೀದಿಬದಿಯ ಟ್ರಾನ್ಸ್‌ಫಾರ್ಮರ್, ಕಂಬ, ಮನೆಯ ಮೀಟರ್ ಎಲ್ಲವೂ ವಿತರಣೆಯವರದು. ಪಾಲಾದ ಮನೆಯ ನಡುಗೋಡೆಯಂತೆ ನಿಂತಿದೆ ಆ ಬ್ರೇಕರ್.

ಈ ಗೋಡೆಯ ಆಚೀಚೆ ದಿನವೂ ನಡೆಯುವ ಮಾತುಕತೆಗೆ ಸಿಬ್ಬಂದಿ ಇಟ್ಟ ಹೆಸರು ‘ಎಲ್‌ಸಿ’, ಅಂದರೆ ಲೈನ್ ಕ್ಲಿಯರ್. ಜಯನಗರದ ಯಾವುದೋ ಅಡ್ಡರಸ್ತೆಯಲ್ಲಿ ಮಳೆಮರದ ಕೊಂಬೆ ತಂತಿಯ ಮೇಲೆ ಬಿದ್ದಿದೆ ಎನ್ನಿ. ಬೆಸ್ಕಾಂನವರು ಸ್ಟೇಷನ್‌ಗೆ ಫೋನ್ ಮಾಡಿ ಫೀಡರ್ ಹೆಸರು ಹೇಳಿ ಎಲ್‌ಸಿ ಕೇಳುತ್ತಾರೆ. ಆಪರೇಟರ್ ಬ್ರೇಕರ್ ತೆಗೆದು, ಪ್ಯಾನೆಲ್‌ಗೆ ‘ಕೆಲಸ ನಡೆಯುತ್ತಿದೆ’ ಎಂಬ ಫಲಕ ತೂಗುಹಾಕಿ, ಎಲ್‌ಸಿ ನಂಬರ್ ಕೊಡುತ್ತಾನೆ. ಎರಡೂ ಕಡೆಯವರು ನಂಬರ್ ಮತ್ತು ಸಮಯ ಬರೆದುಕೊಳ್ಳುತ್ತಾರೆ. ಇಷ್ಟಾದರೂ ಪವರ್‌ಮ್ಯಾನ್ ನೇರವಾಗಿ ಕಂಬ ಹತ್ತುವಂತಿಲ್ಲ. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿ ಅರ್ಥಿಂಗ್ ರಾಡ್ ಹಾಕಬೇಕು. ಯಾರದೋ ಕಟ್ಟಡದ ಜನರೇಟರ್ ತಪ್ಪು ಜೋಡಣೆಯಿಂದ ಹಿಮ್ಮುಖವಾಗಿ ತಂತಿಗೆ ವಿದ್ಯುತ್ ತಳ್ಳಿದರೂ ಜೀವ ಉಳಿಯಬೇಕಲ್ಲ. ಒಂದೇ ಫೀಡರ್ ಮೇಲೆ ಎರಡು ತಂಡ ಎಲ್‌ಸಿ ಪಡೆದಿದ್ದರೆ ಎರಡೂ ತಂಡ ಹಿಂತಿರುಗಿಸಿದ ಮೇಲೆಯೇ ಲೈನ್ ಚಾರ್ಜ್, ಅಂದರೆ ಮತ್ತೆ ವಿದ್ಯುತ್ ಹರಿಸುವುದು. ಕರೆಂಟ್ ಬರಲು ಕೊನೆಯ ಇಪ್ಪತ್ತು ನಿಮಿಷ ತಡವಾಯಿತೆಂದು ರೇಗುವವರಿಗೆ ಆ ಇಪ್ಪತ್ತು ನಿಮಿಷದಲ್ಲಿ ಏನು ನಡೆಯುತ್ತಿದೆ ಎಂಬುದು ಗೊತ್ತಿರಬೇಕು.

ಗೋಡೆಯ ಎರಡು ಬದಿ ಒಂದಕ್ಕೊಂದು ಕಾಣದೆ ಹೋದರೆ ಏನಾಗುತ್ತದೆ? 2023ರ ನವೆಂಬರ್ 19ರ ನಸುಕಿನಲ್ಲಿ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ, ಫುಟ್‌ಪಾತ್ ಮೇಲೆ ತುಂಡಾಗಿ ಬಿದ್ದಿದ್ದ 11 ಕೆ.ವಿ. ತಂತಿ ತುಳಿದು ತಾಯಿಯೊಬ್ಬರು ತಮ್ಮ ಒಂಬತ್ತು ತಿಂಗಳ ಮಗುವಿನೊಂದಿಗೆ ಸುಟ್ಟುಹೋದರು. ಬೆಸ್ಕಾಂ ಸಿಬ್ಬಂದಿ ಅಮಾನತಾದರು. ಅಮಾನತು ಸುಲಭ. ಬೀದಿಯಲ್ಲಿ ತಂತಿ ಬಿದ್ದಿದೆಯೋ ಎಂಬುದು ಸ್ಟೇಷನ್ನಿನ ಪ್ಯಾನೆಲ್ ಮುಂದೆ ಕುಳಿತವರಿಗೆ ಕಾಣುವುದಿಲ್ಲ, ಬೀದಿಯಲ್ಲಿ ನಿಂತವರ ಕೈಗೆ ಬ್ರೇಕರ್ ಎಟುಕುವುದಿಲ್ಲ. ಟ್ರಿಪ್ ಆದ, ಅಂದರೆ ತಾನಾಗಿಯೇ ಕಡಿದುಕೊಂಡ ಫೀಡರನ್ನು ಮತ್ತೆ ಚಾರ್ಜ್ ಮಾಡುವ ಮುನ್ನ ಏನನ್ನು ಖಚಿತಪಡಿಸಿಕೊಳ್ಳಬೇಕು, ಯಾರು ಯಾರನ್ನು ಕೇಳಬೇಕು ಎಂಬುದು ನಗರದ ಪ್ರತಿ ಫೀಡರ್‌ಗೂ ಅನ್ವಯಿಸುವ ಪ್ರಶ್ನೆ.

ಇಷ್ಟು ವರ್ಷ ವಿದ್ಯುತ್ ಹರಿದದ್ದು ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ. ಈಗ ದಕ್ಷಿಣ ಬೆಂಗಳೂರಿನ ತಾರಸಿಗಳ ಮೇಲೆ ವಾಟರ್ ಹೀಟರ್ ಪಕ್ಕದಲ್ಲೇ ಸೌರ ಫಲಕಗಳೂ ಏರಿ, ಮಿಕ್ಕ ವಿದ್ಯುತ್ ಅದೇ ಫೀಡರ್‌ಗೆ ಸೇರುತ್ತಿದೆ. ಬೆಂಗಳೂರಿನ ಆನಂದರಾವ್ ವೃತ್ತದ ಬಳಿಯ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ದಿನವನ್ನು 15 ನಿಮಿಷಗಳ 96 ತುಣುಕು ಮಾಡಿ ಬೇಡಿಕೆ ಮತ್ತು ಪೂರೈಕೆಯನ್ನು ಸರಿದೂಗಿಸುತ್ತದೆ. 2,050 ಮೆಗಾವ್ಯಾಟ್‌ನ ಪಾವಗಡ ಸೌರ ಪಾರ್ಕ್ ಆ ಕೇಂದ್ರಕ್ಕೆ ಉತ್ಪಾದನೆಯಾಗಿಯೇ ಕಾಣುತ್ತದೆ. ಜೆ.ಪಿ. ನಗರದ ತಾರಸಿಯ ಸಣ್ಣ ಘಟಕ ಕಾಣುವುದಿಲ್ಲ, ಬಡಾವಣೆಯ ಬೇಡಿಕೆ ಇಳಿದಂತೆ ಮಾತ್ರ ತೋರುತ್ತದೆ. ಆಷಾಢದ ಮೋಡ ಕವಿದೊಡನೆ ಬೇಡಿಕೆ ಮತ್ತೆ ಏರುತ್ತದೆ. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು 2025ರ ಏಪ್ರಿಲ್ 28ರಂದು ಬಹುಪಾಲು ಕತ್ತಲಾದಾಗ, ವೋಲ್ಟೇಜ್ ಏರುತ್ತ ಹೋಗಿ ಉತ್ಪಾದನಾ ಘಟಕಗಳು ಒಂದರ ಹಿಂದೊಂದು ಕಳಚಿಕೊಂಡವು. ಕೆಳಗಿನ ಜಾಲದಲ್ಲಿ ನಡೆಯುವುದು ಮೇಲಿನವರಿಗೆ ಕಾಣಲೇಬೇಕು ಎಂಬ ವಾದಕ್ಕೆ ಆ ಮಧ್ಯಾಹ್ನದ ನಂತರ ಬಲ ಬಂದಿದೆ.

ಏರುವ ಬೇಡಿಕೆಯ ಲೆಕ್ಕವೂ ಎರಡೂ ಕಡೆಗೆ ಕಾಣಬೇಕು. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ಚಾರ್ಜಿಂಗ್‌ಗೆ ಹೊಸ ಲೋಡ್ ಬೇಕೆಂಬ ಅರ್ಜಿ ಬರುವುದು ಬೆಸ್ಕಾಂಗೆ. ಅಂಥ ಅರ್ಜಿಗಳು ಕೂಡಿ ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಬಿಸಿಯೇರಿದರೆ ದೊಡ್ಡದು ತಂದು ಕೂರಿಸಬೇಕಾದದ್ದು ಕೆಪಿಟಿಸಿಎಲ್. ಸಂಪರ್ಕ ಕೊಡಲು ವಾರಗಳು ಸಾಕು, ಹೊಸ ಸ್ಟೇಷನ್ನಿಗೆ ಜಾಗ ಹುಡುಕಿ, ರಸ್ತೆ ಅಗೆದು 66 ಕೆ.ವಿ. ಕೇಬಲ್ ಎಳೆಯಲು ವರ್ಷಗಳೇ ಬೇಕು. ಜಯನಗರದಲ್ಲಿ ಖಾಲಿ ನಿವೇಶನವಂತೂ ಸಿಗುವ ಮಾತೇ ಇಲ್ಲ. ಮಂಜೂರಾದ ಲೋಡಿನ ಫೀಡರ್‌ವಾರು ಲೆಕ್ಕ ಬೆಸ್ಕಾಂ ಕಚೇರಿಯಿಂದ ಕೆಪಿಟಿಸಿಎಲ್‌ನ ಯೋಜನಾ ವಿಭಾಗಕ್ಕೆ ತಿಂಗಳು ತಿಂಗಳೂ ತಲುಪಲೇಬೇಕು. ವರ್ಷಕ್ಕೊಮ್ಮೆಯ ಅಂದಾಜು ಈ ವೇಗಕ್ಕೆ ಸಾಲದು.