ಲಕ್ಷದ ಸ್ಪೀಕರ್ ಕೊಳ್ಳೋ ಮುಂಚೆ ಏನು ಕೇಳಬೇಕು, ಹೆಂಗ ಕೇಳಬೇಕು?

ನೀವು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂತ ಗೊತ್ತು, ಆದ್ರೆ ಇವತ್ತಿನ ಮಾತು ಮನೆಯ ದೊಡ್ಡ ಸ್ಪೀಕರ್ ಬಗ್ಗೆ. ಕುಬಿಹಾಳದಲ್ಲಿರೋ ನಮ್ಮ ಕಾಕಾ ಮೆಣಸಿನಕಾಯಿ ಮಾರಿದ ರೊಕ್ಕದಾಗ ಒಂದೂವರೆ ಲಕ್ಷ ತೆಗೆದಿಟ್ಟು, "ತಮ್ಮಾ, ಹಾಡು ಕೇಳಾಕ ಒಂದು ಚಲೋ ಜೋಡಿ ಕೊಡಸು" ಅಂದ್ರು. ಕಾಕು ಏನೂ ಅನ್ನಲಿಲ್ಲ. ಆದ್ರೆ ಅದೇ ರೊಕ್ಕದಾಗ ಮನೆಯ ಮಾಳಿಗೆ ರಿಪೇರಿ ಆಗಬೇಕಿತ್ತು ಅನ್ನೋದು ನನಗೆ ಗೊತ್ತು. ತಪ್ಪು ಜೋಡಿ ತಂದ್ರೆ ಆ ಮನೆಗೆ ನಾನು ಮತ್ತೆ ಊಟಕ್ಕೆ ಹೋಗೋದು ಕಷ್ಟ.

ತಪ್ಪು ಜೋಡಿ ತಂದ ಅನುಭವ ನನಗೇ ಇದೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹತ್ತೇ ನಿಮಿಷ ಕೇಳಿ, ಬೇಸ್‌ಗೆ ಮರುಳಾಗಿ, ಕಂತಿನ ಮೇಲೆ ತಂದೆ. ಮನೆಯಲ್ಲಿ ಹಚ್ಚಿದ್ರೆ ಎಲ್ಲಾ ಹಾಡೂ ಗುಂಯ್ ಅಂತಿತ್ತು. ಸ್ಪೀಕರ್ ಕೆಟ್ಟದ್ದಲ್ಲ. ಅಂಗಡಿಯಲ್ಲಿ ದೊಡ್ಡ ಕೋಣೆ, ದಪ್ಪ ಕಾರ್ಪೆಟ್, ಮೆತ್ತನೆ ಸೋಫಾ. ನಮ್ಮಲ್ಲಿ ಸಣ್ಣ ಕೋಣೆ, ಬರೀ ಗೋಡೆ, ಟೈಲ್ಸ್ ನೆಲ.

ಇದರ ಲೆಕ್ಕ ಸರಳ. ಎದುರುಬದುರು ಎರಡು ಗೋಡೆಗಳ ನಡುವೆ ಕೆಲವು ಕೆಳದನಿಗಳು ಸಿಕ್ಕಿಹಾಕಿಕೊಂಡು ಉಬ್ಬುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಮೊದಲು ಉಬ್ಬುವ ದನಿ ಯಾವುದು ಅಂತ ಸಿಗುತ್ತದೆ. ಕಾಕಾನ ಪಡಸಾಲೆ 14 ಅಡಿ ಉದ್ದ, 10 ಅಡಿ ಅಗಲ. ಅಂದ್ರೆ ಉದ್ದಕ್ಕೆ ಸುಮಾರು 40 ಹರ್ಟ್ಜ್, ಅಗಲಕ್ಕೆ 56. ಗಂಡುದನಿಯ ತಂಬೂರಿಯಲ್ಲಿ ಖರ್ಜದ ತಂತಿ ಇರೋದು 70 ಹರ್ಟ್ಜ್ ಹತ್ತಿರ. ಹಂಗಾಗಿ 40ಕ್ಕಿಂತ ಕೆಳಗೆ ಇಳಿಯೋ ದೈತ್ಯ ಸ್ಪೀಕರ್‌ಗೆ ಹೆಚ್ಚು ರೊಕ್ಕ ಕೊಟ್ಟು ಕಾಕಾ ಪಡೆಯೋದು ಗುಂಯ್ ಅನ್ನೋದನ್ನೇ. ಅಂಗಡಿಗೆ ಹೋಗೋ ಮುಂಚೆ ಟೇಪ್ ಹಿಡಿದು ಕೋಣೆ ಅಳೆಯಿರಿ ಅನ್ನೋದು ಇದಕ್ಕೇ.

ಇನ್ನು ಯಾವ ಹಾಡು ಹಾಕಬೇಕು? ಅಂಗಡಿಯವರ ಡೆಮೊ ಹಾಡು ಬೇಡ. ಅದು ಎಂಥ ಡಬ್ಬಾದಲ್ಲೂ ಚೆನ್ನಾಗಿ ಕೇಳೋ ಹಂಗೆ ಆರಿಸಿದ್ದು. ನಮ್ಮ ಕಾಕಾ ಕುಂದಗೋಳ ಸೀಮೆಯವರು, ಸವಾಯಿ ಗಂಧರ್ವರ ಊರಿನ ಪಕ್ಕದವರು. ನಾಡಿಗೇರ ವಾಡೆಯ ಸಂಗೀತೋತ್ಸವಕ್ಕೆ ತಪ್ಪದೆ ಹೋಗೋರು. ಅವರು ಮನೆಯಲ್ಲಿ ಕೇಳೋದು ಸವಾಯಿ ಗಂಧರ್ವರ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಹಾಡು, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಅವನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದೆವು. ಅಂಗಡಿ ಹುಡುಗ ನಕ್ಕ. ನಗಲಿ ಬಿಡಿ, ಹಳೇ ತಟ್ಟೆ ಎರಡು ಪರೀಕ್ಷೆ ಒಮ್ಮೆಗೇ ಮಾಡುತ್ತದೆ.

ಒಂದು, ಅದು ಮೋನೋ. ಎರಡೂ ಸ್ಪೀಕರ್‌ನಿಂದ ಒಂದೇ ಶಬ್ದ ಬರುತ್ತದೆ. ಸರಿಯಾಗಿ ನಡುವೆ ಕೂತರೆ ಹಾಡುವವರು ಎರಡು ಪೆಟ್ಟಿಗೆಗಳ ನಡುವೆ, ಒಂದೇ ಜಾಗದಲ್ಲಿ ಕೂತು ಹಾಡಿದ ಹಂಗೆ ಕೇಳಬೇಕು. ದನಿ ಏರಿದಾಗ ಒಂದು ಕಡೆ ವಾಲಿದರೆ, ಇಲ್ಲಾ ಅಗಲಕ್ಕೆ ಹರಡಿದರೆ, ಜೋಡಿಯಲ್ಲಿ ಹೊಂದಾಣಿಕೆ ಇಲ್ಲ ಅಥವಾ ಇಟ್ಟ ಜಾಗ ಸರಿ ಇಲ್ಲ. ಎರಡು, ತಟ್ಟೆಯ ಚರಚರ. ಕೆಲವು ಸ್ಪೀಕರ್‌ಗಳು ಮೇಲ್ದನಿಯನ್ನು ಬೇಕಂತಲೇ ಹೊಳಪು ಮಾಡಿರುತ್ತವೆ. ಮೊದಲ ಐದು ನಿಮಿಷ ಅದೇ ಸೊಗಸು. ಅರ್ಧ ತಾಸಿಗೆ ತಲೆನೋವು. ಚರಚರ ಹಾಡಿನ ಹಿಂದೆ ನಿಂತರೆ ಒಳ್ಳೆಯದು, ಮುಂದೆ ಬಂದು ಕೂತರೆ ಬೇಡ.

ಎಲ್ಲಕ್ಕಿಂತ ಹೆಚ್ಚು ಮೋಸ ಆಗೋದು ವಾಲ್ಯೂಮ್‌ನಲ್ಲಿ. ಒಂದು ಜೋಡಿ ಇನ್ನೊಂದಕ್ಕಿಂತ ಒಂದು ಡೆಸಿಬಲ್ ಜೋರಿದ್ರೂ ಸಾಕು. ನಮ್ಮ ಕಿವಿ ಅದನ್ನ 'ಜೋರು' ಅನ್ನೋದಿಲ್ಲ, 'ಚಲೋ' ಅನ್ನುತ್ತದೆ. ಆಂಪ್ಲಿಫೈಯರ್ ಗುಂಡಿ ಅಲ್ಲೇ ಬಿಟ್ಟು ಸ್ಪೀಕರ್ ಬದಲಿಸಿದರೆ ಮೂರು ಡೆಸಿಬಲ್ ಫರಕು ಬಂದ್ರೂ ಆಶ್ಚರ್ಯ ಇಲ್ಲ, ಯಾಕಂದ್ರೆ ಒಂದೊಂದರ ಸೆನ್ಸಿಟಿವಿಟಿ ಒಂದೊಂದು ಥರ. ಇಲ್ಲಿ ನಿಮ್ಮ ಫೋನೇ ಉಪಯೋಗಕ್ಕೆ ಬರೋದು. ಶಬ್ದ ಅಳೆಯೋ ಆ್ಯಪ್ ಹಾಕಿ, ನೀವು ಕೂತ ಜಾಗದಲ್ಲೇ ಫೋನ್ ಹಿಡಿದು, ಪ್ರತಿ ಜೋಡಿಗೂ ಒಂದೇ ಅಂಕಿ ಬರೋ ಹಂಗೆ ಗುಂಡಿ ತಿರುಗಿಸಿ. ಫೋನಿನ ಅಂಕಿ ಪಕ್ಕಾ ಇರದಿದ್ರೂ ಹೋಲಿಕೆಗೆ ಸಾಕು.

ಕಣ್ಣೂ ಮೋಸ ಮಾಡುತ್ತದೆ. ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಅನ್ನೋ ಇಬ್ಬರು ಸಂಶೋಧಕರು 1994ರಲ್ಲಿ ತೋರಿಸಿದ್ದು ಇದನ್ನೇ. ಸ್ಪೀಕರ್ ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕಗಳಿಗೂ, ಪರದೆ ಹಿಂದಿಟ್ಟಾಗ ಕೊಟ್ಟ ಅಂಕಗಳಿಗೂ ತಾಳೆ ಆಗಲಿಲ್ಲ. ನಾವು ಪರದೆ ಎಲ್ಲಿಂದ ತರೋಣ? ಕಾಕಾ ಟವಲ್ ತೆಗೆದು ಕಣ್ಣಿಗೆ ಕಟ್ಟಿಕೊಂಡರು. ಕಿವಿ ಟ್ವೀಟರ್ ಮಟ್ಟಕ್ಕೆ ಬರೋ ಹಂಗೆ ಕುರ್ಚಿ ಇಟ್ಟು, ಮೂರು ಜೋಡಿ, ಒಂದೊಂದಕ್ಕೆ ಅರ್ಧ ತಾಸು. ಎಲ್ಲಕ್ಕಿಂತ ತುಟ್ಟಿಯದಕ್ಕೆ ಕಾಕಾ ಅಂದದ್ದು: "ಇದರಾಗ ತಬಲಾ ಹೊಟ್ಟಿಗೆ ಬಡೀತದ, ಬೋಲ್ ಕಿವಿಗೆ ಬರವಲ್ದು." ನಡುವಿನ ಬೆಲೆಯ ಸಣ್ಣ ಜೋಡಿಗೆ ಏನೂ ಅನ್ನಲಿಲ್ಲ, ಹಾಡು ಮುಗಿಯೋವರೆಗೂ ಕೈಯಾಗ ತಾಳ ಹಾಕ್ತಾ ಕೂತರು.

ಹಂಗಂತ ಅಲ್ಲೇ ರೊಕ್ಕ ಎಣಿಸಲಿಲ್ಲ. ಅದು ಅಂಗಡಿ ಕೋಣೆಯ ತೀರ್ಪು, ಪಡಸಾಲೆಯದಲ್ಲ. "ಮುಂಗಡ ಇಟ್ಟುಕೊಳ್ರಿ, ಎರಡು ದಿನ ಮನೆಗೆ ಕೊಡ್ರಿ, ಒಗ್ಗದಿದ್ರೆ ವಾಪಸ್" ಅಂತ ಕೇಳಿದೆ. ಮೊದಲು ಆಗೋದಿಲ್ಲ ಅಂದ್ರು. ನಾವು ಎದ್ದು ಚಪ್ಪಲಿ ಹಾಕಿಕೊಂಡಾಗ ಒಪ್ಪಿದರು, ಚೀಟಿಯ ಮೇಲೆ ಬರೆದೂ ಕೊಟ್ಟರು. ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಈಗ ಆ ಜೋಡಿ ಕುಬಿಹಾಳದಲ್ಲಿದೆ. ಹಿಂದಿನ ಗೋಡೆಯಿಂದ ಎರಡಡಿ ಮುಂದೆ ಎಳೆದು, ನಡುವೆ ಜಮಖಾನ ಹಾಸಿ, ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಕಾಕಾನ ಕುರ್ಚಿ ಇಟ್ಟು ಬಂದಿದ್ದೇನೆ. ನಿನ್ನೆ ರಾತ್ರಿ ಫೋನ್ ಮಾಡಿದ್ದು ಕಾಕು. "ಆ ಗಂಗೂಬಾಯಿ ಹಾಡು ಇನ್ನೊಮ್ಮೆ ಹಚ್ಚೋದು ಹೆಂಗೋ, ನಿಮ್ಮ ಕಾಕಾ ಮಲಗ್ಯಾರ" ಅಂದ್ರು.