ಮನೆಯ ಗಣಕಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಆಂಟಿವೈರಸ್ ತಂತ್ರಾಂಶಗಳ ಬಳಕೆ: ತಿಳಿವಳಿಕೆ ಲೇಖನ

ಕುದುರೆಮುಖ, ಕಳಸ ಹಾಗೂ ಮೂಡಿಗೆರೆ ಭಾಗದ ಅನೇಕ ಮನೆಗಳಲ್ಲಿ ಇಂದು ಗಣಕಯಂತ್ರ ಅಥವಾ ಲ್ಯಾಪ್‌ಟಾಪ್ ಇದೆ. ತೋಟದ ಕಾರ್ಮಿಕರ ಹಾಜರಿ ಮತ್ತು ಬಟವಾಡೆಯ ಲೆಕ್ಕ, ಕಾಫಿ ಮಾರಾಟದ ಬಿಲ್ಲುಗಳು, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಬ್ಯಾಂಕ್ ವ್ಯವಹಾರ ಎಲ್ಲವೂ ಒಂದೇ ಯಂತ್ರದಲ್ಲಿರುತ್ತವೆ. ಎಷ್ಟೋ ಮನೆಗಳಲ್ಲಿ ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ. ಆದ್ದರಿಂದ ವೈರಸ್ ಭಯ ಸಹಜ. ಈ ಭಯದಿಂದಲೇ ಕೆಲವರು ಒಂದು ಆಂಟಿವೈರಸ್ ಸಾಲದೆಂದು ಎರಡನ್ನೋ ಮೂರನ್ನೋ ಅಳವಡಿಸಿಕೊಳ್ಳುತ್ತಾರೆ. ಇದರಿಂದ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಬದಲಾಗಿ ಇರುವ ರಕ್ಷಣೆಯೂ ದುರ್ಬಲಗೊಳ್ಳುವ ಸಂಭವವಿದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಬೆಳೆಗಾರರು ಅದಕ್ಕೆ ಕೈಗೆ ಸಿಕ್ಕ ಕೀಟನಾಶಕವನ್ನು ಬೆರೆಸುವುದಿಲ್ಲ. ಬೇರೆಬೇರೆಯಾಗಿ ಒಳ್ಳೆಯವೇ ಆದ ಎರಡು ಔಷಧಗಳು ಬೆರೆತಾಗ ಕೆಡಬಹುದೆಂಬುದು ಅವರಿಗೆ ತಿಳಿದಿದೆ. ಗಣಕಯಂತ್ರದಲ್ಲಿಯೂ ಸ್ಥಿತಿ ಹೆಚ್ಚುಕಡಿಮೆ ಇದೇ.

ಆಂಟಿವೈರಸ್ ಎಂಬುದು ಇತರ ತಂತ್ರಾಂಶಗಳಂತೆ ಕರೆದಾಗ ಮಾತ್ರ ಬಂದು ಕೆಲಸ ಮಾಡುವಂಥದ್ದಲ್ಲ. ಅದು ಕಾರ್ಯಾಚರಣಾ ವ್ಯವಸ್ಥೆಯ ಒಳಪದರದಲ್ಲಿ ನೆಲೆಸಿ, ಯಾವುದೇ ಕಡತವನ್ನು ತೆರೆಯುವ ಅಥವಾ ಬರೆಯುವ ಪ್ರತಿ ಸಂದರ್ಭದಲ್ಲಿಯೂ ಅದನ್ನು ತಡೆದು ಪರೀಕ್ಷಿಸುತ್ತದೆ. ಇಂತಹ ಎರಡು ತಂತ್ರಾಂಶಗಳಿದ್ದರೆ ಒಂದೇ ಕಡತವು ಎರಡು ಬಾರಿ ಪರೀಕ್ಷೆಗೊಳಗಾಗುತ್ತದೆ. ಮೊದಲನೆಯದು ಪರೀಕ್ಷೆಗಾಗಿ ಕಡತವನ್ನು ತೆರೆದಾಗ, ಆ ತೆರೆಯುವಿಕೆಯನ್ನೇ ಎರಡನೆಯದು ಪರೀಕ್ಷಿಸಲು ಮುಂದಾಗಬಹುದು. 4 ಜಿಬಿ ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿ ಇದರ ಪರಿಣಾಮ ಕೂಡಲೇ ಕಾಣುತ್ತದೆ: ಯಂತ್ರ ಆರಂಭವಾಗಲು ಬಹಳ ಹೊತ್ತು ಹಿಡಿಯುತ್ತದೆ, ಪೆನ್‌ಡ್ರೈವ್ ತೆರೆಯುವುದಿಲ್ಲ, ಒಮ್ಮೊಮ್ಮೆ ಪರದೆ ನೀಲಿಯಾಗಿ ಎಲ್ಲವೂ ಸ್ತಬ್ಧಗೊಳ್ಳುತ್ತದೆ. ಇದನ್ನೇ ವೈರಸ್ ಲಕ್ಷಣವೆಂದು ಭಾವಿಸಿ ಮೂರನೆಯ ಆಂಟಿವೈರಸ್ ಹುಡುಕುವವರೂ ಇಲ್ಲದಿಲ್ಲ.

ಇನ್ನೊಂದು ತೊಡಕಿದೆ. ಪ್ರತಿ ಆಂಟಿವೈರಸ್ ತನ್ನ ಬಳಿ ವೈರಸ್‌ಗಳ ಗುರುತುಗಳ ಸಂಗ್ರಹವನ್ನೂ, ಹಿಡಿದಿಟ್ಟ ಸೋಂಕಿತ ಕಡತಗಳನ್ನೂ ಇಟ್ಟುಕೊಂಡಿರುತ್ತದೆ. ಇವು ಇನ್ನೊಂದರ ಕಣ್ಣಿಗೆ ವೈರಸ್‌ನಂತೆಯೇ ಕಾಣಬಹುದು. ಆಗ ಒಂದು ಕಾವಲುಗಾರ ಮತ್ತೊಬ್ಬನನ್ನೇ ಕಳ್ಳನೆಂದು ಹಿಡಿದಂತಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನ ಮಂದ ಸಂಪರ್ಕವನ್ನೇ ನೆಚ್ಚಿರುವ ತೋಟದ ಮನೆಗಳಲ್ಲಿ ಎರಡು ತಂತ್ರಾಂಶಗಳೂ ನವೀಕರಣಕ್ಕಾಗಿ ಡೇಟಾ ಬಳಸುತ್ತವೆ. ಮಳೆಗಾಲದಲ್ಲಿ ವಿದ್ಯುತ್ ಪದೇಪದೇ ಕೈಕೊಡುವಾಗ ಆ ನವೀಕರಣಗಳು ಅರ್ಧಕ್ಕೇ ನಿಂತು ಎರಡೂ ಹಳೆಯದಾಗಿಯೇ ಉಳಿಯಬಹುದು. ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವ ದಿನಗಳಲ್ಲಿ ಕೆಟ್ಟ ಯಂತ್ರವನ್ನು ಕಳಸದ ದುರಸ್ತಿ ಅಂಗಡಿಗೆ ಒಯ್ಯುವುದೂ ಸುಲಭವಲ್ಲ.

ರಕ್ಷಣಾ ತಂತ್ರಾಂಶವು ಎಷ್ಟು ಆಳದಲ್ಲಿ ಬೇರೂರಿರುತ್ತದೆ ಎಂಬುದಕ್ಕೆ 2024ರ ಜುಲೈ 19ರ ಘಟನೆ ನಿದರ್ಶನ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದೇ ಒಂದು ದೋಷಪೂರಿತ ನವೀಕರಣದಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಅಲ್ಲಿ ಎರಡು ತಂತ್ರಾಂಶಗಳ ಘರ್ಷಣೆ ಇರಲಿಲ್ಲ. ಒಂದೇ ತಂತ್ರಾಂಶದ ದೋಷವಿತ್ತು. ಅದೇ ಪದರದಲ್ಲಿ ಪರಸ್ಪರ ಅರಿಯದ ಇಬ್ಬರನ್ನು ನಿಲ್ಲಿಸುವ ಅಪಾಯವನ್ನು ಇದರಿಂದ ಊಹಿಸಬಹುದು.

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲಿನಿಂದಲೇ ಇರುತ್ತದೆ. ಇದಕ್ಕೆ ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಎಚ್ಚರದಿಂದ ಬಳಸುವ ಸಾಮಾನ್ಯ ಮನೆಗೆ ಇದೇ ಸಾಕಾಗುತ್ತದೆ. ಬೇರೊಂದು ಆಂಟಿವೈರಸ್ ಅಳವಡಿಸಿದಾಗ ಡಿಫೆಂಡರ್ ತಾನಾಗಿಯೇ ನಿರಂತರ ಕಾವಲಿನಿಂದ ಹಿಂದೆ ಸರಿಯುತ್ತದೆ. ಆದರೆ ಹೊರಗಿನಿಂದ ತಂದ ಎರಡು ಆಂಟಿವೈರಸ್‌ಗಳ ನಡುವೆ ಇಂತಹ ಹೊಂದಾಣಿಕೆ ಇರುವುದೆಂದು ನಂಬುವಂತಿಲ್ಲ. ಕೆಲವು ತಂತ್ರಾಂಶಗಳು ಅಳವಡಿಕೆಯ ವೇಳೆಯಲ್ಲಿಯೇ ಹಳೆಯದನ್ನು ತೆಗೆಯುವಂತೆ ಸೂಚಿಸುತ್ತವೆ. ಆ ಸೂಚನೆಯನ್ನು ಓದದೆ ಮುಂದುವರಿಯಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆ ಕೊರತೆಯನ್ನು ಹೆಚ್ಚುವರಿ ಆಂಟಿವೈರಸ್ ತುಂಬಿಕೊಡಲಾರದು.

ಈಗಾಗಲೇ ಎರಡು ಇದ್ದಲ್ಲಿ ಮೊದಲು ಮುಖ್ಯ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿಕೊಳ್ಳತಕ್ಕದ್ದು. ಬಳಿಕ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಬೇಡವಾದುದನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮರುಪ್ರಾರಂಭಿಸಬೇಕು. ಕೇವಲ ಕಡತಕೋಶವನ್ನು ಅಳಿಸಿದರೆ ತಂತ್ರಾಂಶದ ಬೇರುಗಳು ಒಳಗೇ ಉಳಿಯುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ತೊಂದರೆ ಮುಂದುವರಿದರೆ, ಅನೇಕ ತಯಾರಕರು ತಮ್ಮ ಜಾಲತಾಣದಲ್ಲಿಯೇ ಒದಗಿಸುವ ತೆಗೆದುಹಾಕುವ ಉಪಕರಣವನ್ನು ಬಳಸಬಹುದು. ಕೊನೆಯಲ್ಲಿ ವಿಂಡೋಸ್ ಸೆಕ್ಯೂರಿಟಿ ಪುಟ ತೆರೆದು, ಉಳಿಸಿಕೊಂಡ ಒಂದು ತಂತ್ರಾಂಶ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಅದಕ್ಕೂ ದಾರಿಯಿದೆ. ನಿರಂತರ ಕಾವಲಿಗೆ ಒಂದೇ ಇರಲಿ. ಸಂಶಯ ಬಂದಾಗ ಮಾತ್ರ ನಡೆಸುವ ಪರೀಕ್ಷಾ ಉಪಕರಣವನ್ನು ಅದರ ಜೊತೆಗೆ ಬಳಸಬಹುದು. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಂಥದ್ದು; ಅದು ಡೌನ್‌ಲೋಡ್ ಮಾಡಿದ 10 ದಿನಗಳವರೆಗೆ ಮಾತ್ರ ನಡೆಯುತ್ತದೆ. ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿಯೂ ಸೋಂಕು ನಿವಾರಣಾ ಉಪಕರಣಗಳು ಉಚಿತವಾಗಿ ದೊರೆಯುತ್ತವೆ.

ಜಾಲತಾಣ ನೋಡುತ್ತಿರುವಾಗ ತಟ್ಟನೆ ಮೂಡಿ, ಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎನ್ನುವ ಕಿಟಕಿಗಳನ್ನು ನಂಬಬಾರದು. ಮನೆಯೊಳಗೆ ಎರಡನೆಯ ಆಂಟಿವೈರಸ್ ಬರುವುದು ಎಷ್ಟೋ ಬಾರಿ ಈ ದಾರಿಯಿಂದಲೇ, ಮತ್ತು ಅದು ಆಂಟಿವೈರಸ್ ಆಗಿರುವುದೇ ಇಲ್ಲ. ಇಂತಹ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಬ್ಯಾಂಕಿಗೂ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸತಕ್ಕದ್ದು.